ರೋಗಿಯ ಸೇವೆ: ಹಲವು ಕೈಗಳ ಪುಣ್ಯ



2009ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈಗ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಶಹಾಪುರ, ಸುರಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಅಲ್ಲಿಗೆ ರೋಗಿಯನ್ನು ಸೇರಿಸಿದಾಗ ನಮ್ಮ ಕಣ್ಣು ವೈದ್ಯರನ್ನೇ ಹುಡುಕುತ್ತದೆ. ಆದರೆ ವೈದ್ಯರು ನೋಡಿ ಹೋದ ಬಳಿಕ ಹಗಲಿರುಳು ರೋಗಿಯ ಬಳಿ ಇರುವವರು ಯಾರು? ಔಷಧಿ ಕೊಡುವ ದಾದಿ, ಬಟ್ಟೆ ಬದಲಿಸುವ ಆಯಾ, ಸ್ಟ್ರೆಚರ್ ತಳ್ಳುವ ವಾರ್ಡ್‌ಬಾಯ್, ನೆಲ ಒರೆಸುವ ಸಫಾಯಿ ಕೆಲಸದವರು. ಇವರಲ್ಲಿ ಒಬ್ಬರ ಕೆಲಸ ತಪ್ಪಿದರೂ ಉಳಿದವರ ಶ್ರಮ ವ್ಯರ್ಥವಾಗಬಹುದು.

ಪಾರ್ಶ್ವವಾಯು ತಗಲಿ ಮಲಗಿದ ವೃದ್ಧರೊಬ್ಬರನ್ನು ಊಹಿಸಿಕೊಳ್ಳಿ. ಸುಮಾರು ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಚರ್ಮ ಉಜ್ಜದಂತೆ ಎತ್ತಿ ಹೊರಳಿಸಲು ದಾದಿಯೊಬ್ಬರಿಂದಲೇ ಸಾಧ್ಯವಿಲ್ಲ, ಇನ್ನೊಬ್ಬರ ಕೈ ಬೇಕು. ಬಟ್ಟೆ ಬದಲಿಸುವಾಗ ಚರ್ಮ ಕೆಂಪಾದುದು ಮೊದಲು ಆಯಾಳ ಕಣ್ಣಿಗೇ ಬೀಳಬಹುದು. ಆಕೆ ಬೈಗುಳಕ್ಕೆ ಹೆದರಿ ಸುಮ್ಮನಾದರೆ? ಹೇಳಿದರೂ ದಾದಿ ಕಿವಿಗೊಡದಿದ್ದರೆ? ಹುಣ್ಣು ಆಳವಾಗಿ ನಂಜೇರಿ ಪ್ರಾಣಕ್ಕೇ ಕುತ್ತಾಗಬಹುದು. ಒಬ್ಬರ ಅಹಂಕಾರಕ್ಕೆ, ಇನ್ನೊಬ್ಬರ ಭಯಕ್ಕೆ ರೋಗಿಯು ಬೆಲೆ ತೆರಬೇಕಾಗುತ್ತದೆ.

ಒಳಿತಿನ ಕೆಲಸದಲ್ಲಿ ಪರಸ್ಪರ ನೆರವಾಗಬೇಕೆಂಬುದು ಪವಿತ್ರ ಕುರ್‌ಆನಿನ (5:2) ಆಜ್ಞೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಇದು ಆಚರಣೆಯಲ್ಲಿತ್ತು. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಝ್ರತ್ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿದ್ದ ಹಝ್ರತ್ ರುಫೈದಾ(ರ)ರ ಡೇರೆಯಲ್ಲಿ ಉಪಚರಿಸಲಾಯಿತು. ಹಝ್ರತ್ ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳ ಶಿಬಿರದಲ್ಲಿದ್ದು ಅಡುಗೆಯನ್ನೂ ಮಾಡಿದರು, ಗಾಯಾಳುಗಳ ಶುಶ್ರೂಷೆಯನ್ನೂ ಮಾಡಿದರು.

ಮಸೀದಿಯ ಕಸ ಗುಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡಾಗ ಅನುಚರರು ಅದನ್ನು ಸಣ್ಣ ಸಂಗತಿಯೆಂದು ಭಾವಿಸಿ ಪ್ರವಾದಿವರ್ಯರಿಗೆ(ಸ) ತಿಳಿಸಿರಲಿಲ್ಲ. ಅವರು ತಾವೇ ವಿಚಾರಿಸಿ, ಆಕೆಯ ಗೋರಿಯ ಬಳಿಗೆ ಹೋಗಿ ಪ್ರಾರ್ಥಿಸಿದರು. ಪೊರಕೆ ಹಿಡಿದ ಕೈಯನ್ನು ಕಡೆಗಣಿಸಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನಿಮ್ಮ ಮಗಳು ದಾದಿಯಾಗಿದ್ದರೆ, ಆಯಾಳ ಮಾತಿಗೆ ಕಿವಿಗೊಡಲು ಹೇಳಿರಿ. ಮಗ ವಾರ್ಡ್‌ಬಾಯ್ ಆಗಿದ್ದರೆ, ಕಂಡದ್ದನ್ನು ಹೆದರದೆ ತಿಳಿಸಲು ಕಲಿಸಿರಿ. ನೀವು ರೋಗಿಯ ಜೊತೆಗಿರುವಾಗ ಕೈ ತೊಳೆದುಕೊಂಡೇ ರೋಗಿಯನ್ನು ಮುಟ್ಟಿರಿ, ಒರೆಸಿದ ನೆಲವನ್ನು ಹೊಲಸು ಮಾಡಬೇಡಿರಿ. ಕೆಲಸದವರನ್ನು 'ಏ' ಎನ್ನದೆ 'ಅಕ್ಕಾ', 'ಅಣ್ಣಾ' ಎಂದು ಕರೆಯಿರಿ.

ಗುಣ ನೀಡುವವನು ಅಲ್ಲಾಹನು. ಅದಕ್ಕೆ ನಿಮಿತ್ತವಾಗುವ ಕೈಗಳನ್ನು ಗೌರವಿಸುವ ಮನಸ್ಸನ್ನು ಅವನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.