ದ್ವಾರಪಾಲಕನ ತಪ್ಪೇನು?

ಕೇಡು ಮಾಡಿದವನಿಗೆ ಹೆಸರಿಡಲು ನಮಗೆ ಬಹಳ ಅವಸರ. ಅವನು ತನ್ನ ಮನೆಯಲ್ಲಿ ಏನು ಕೆಲಸ ಮಾಡುತ್ತಾನೆಂದು ವಿಚಾರಿಸುವುದು ಆಮೇಲಿನ ಮಾತು. ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ.

ಲಾಯಿಲದ ನಮ್ಮ ತೋಟದ ಬೇಲಿಗೆ ಮಳೆಗಾಲದಲ್ಲಿ ಗೌರಿಹೂವಿನ ಬಳ್ಳಿ ಹಬ್ಬುತ್ತದೆ. ಹೂವು ನೋಡಲು ಬೆಂಕಿಯ ನಾಲಗೆ. ಗೆಡ್ಡೆ ಘೋರ ವಿಷ. ಆ ವಿಷದ ಹೆಸರು ಕಾಲ್ಚಿಸಿನ್. 1976ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಎಂಬವರು, ಈ ಕಾಲ್ಚಿಸಿನ್ನಿಗೆ ಜಗ್ಗದ ಜೀವಕೋಶಗಳ ಹೊರಪೊರೆಯಲ್ಲಿ ಒಂದು ಪ್ರೋಟೀನನ್ನು ಕಂಡರು. ಅದೇ ಪಿ-ಗ್ಲೈಕೊಪ್ರೋಟೀನ್. ಒಳಗೆ ಬಂದ ಪರಕೀಯ ವಸ್ತುವನ್ನು ಹಿಡಿದು ಹೊರಕ್ಕೆ ದೂಡುವುದು ಇದರ ಕೆಲಸ. ಕ್ಯಾನ್ಸರಿನ ಕೋಶಗಳಲ್ಲಿ ಇದು ಹೆಚ್ಚಿದರೆ ಅನೇಕ ಮದ್ದುಗಳು ನಾಟುವುದಿಲ್ಲ; ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಕೂಡ. ಹಾಗಾಗಿ ‘ಮದ್ದಿನ ವಿರೋಧಿ’ ಎಂಬ ಬಿರುದು ಇದಕ್ಕೆ ಅಂಟಿತು.

1987ರಲ್ಲಿ ಇದೇ ‘ವಿರೋಧಿ’ ಆರೋಗ್ಯವಂತರ ದೇಹದಲ್ಲೂ ಸಿಕ್ಕಿತು! ಯಕೃತ್ತಿನಲ್ಲಿ ವಿಷವನ್ನು ಪಿತ್ತಕ್ಕೆ, ಮೂತ್ರಪಿಂಡದಲ್ಲಿ ಮೂತ್ರಕ್ಕೆ ತಳ್ಳುತ್ತ, ಕರುಳಿನಲ್ಲಿ ಬಂದದ್ದನ್ನು ಬಂದ ದಾರಿಗೇ ಅಟ್ಟುತ್ತ ಅದು ಕುಳಿತಿತ್ತು. ಮಿದುಳಿನ ಸೂಕ್ಷ್ಮ ರಕ್ತನಾಳಗಳಲ್ಲಿ, ಬಸಿರಿನ ಮಾಸಿನಲ್ಲಿ ಕೂಡ ಅದರದೇ ಕಾವಲು. ಭೇದಿಗೆ ನಾವು ನುಂಗುವ ಲೋಪೆರಮೈಡ್ ಗುಳಿಗೆ ಅಫೀಮಿನ ಬಳಗದ್ದು. ಆದರೂ ನಮಗೆ ಮತ್ತೇರದಿರಲು ಈ ಕಾವಲುಗಾರನೇ ಮುಖ್ಯ ಕಾರಣ. ಇದಿಲ್ಲದಂತೆ ಬೆಳೆಸಿದ ಇಲಿಗಳಿಗೆ ನುಸಿಯ ಕಾಟ ನೀಗಲೆಂದು ಐವರ್‌ಮೆಕ್ಟಿನ್ ಕೊಟ್ಟರೆ ಅವು ಸತ್ತವು. ಅವುಗಳ ಮಿದುಳಿನಲ್ಲಿ ಆ ಮದ್ದು ಸಾಮಾನ್ಯ ಇಲಿಗಳಿಗಿಂತ 80 ಪಟ್ಟಿಗೂ ಮೀರಿ ತುಂಬಿತ್ತೆಂದು 1994ರಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ಬರೆದರು.

ಜಯವಿಜಯರ ಕಥೆ ನೆನಪಾಗುತ್ತದೆ. ಸನಕಾದಿಗಳನ್ನು ಬಾಗಿಲಲ್ಲಿ ತಡೆದದ್ದು ಅವರ ಉದ್ಯೋಗ, ಸಿಕ್ಕಿದ್ದು ಶಾಪ. ಮುಂದೆ ಅಸುರರಾಗಿ ಹುಟ್ಟಿದವರೂ ಅವರೇ. ಈ ಕಥೆಯಲ್ಲಿ ನನ್ನ ಮನಸ್ಸು ಎಂದೂ ಋಷಿಗಳ ಪಕ್ಷ ಹಿಡಿದದ್ದಿಲ್ಲ.

ಹಾಗಾದರೆ ಕಾವಲುಗಾರನ ಕೈಕಟ್ಟಿದರಾಯಿತಲ್ಲ ಎನ್ನಬಹುದು. ಅದೂ ಆಯಿತು. ವಾಲ್ಸ್‌ಪೊಡಾರ್ ಮುಂತಾದ ಮದ್ದುಗಳನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. ಕೈಕಟ್ಟಿದಾಗ ಕಳ್ಳನ ಮನೆಯ ಬಾಗಿಲೊಂದೇ ತೆರೆಯುವುದಿಲ್ಲ, ಊರಿನ ಬಾಗಿಲುಗಳೆಲ್ಲ ತೆರೆಯುತ್ತವೆ. ಕ್ಯಾನ್ಸರಿನ ಮದ್ದು ದೇಹದಿಂದ ಬೇಗ ಹೊರಹೋಗದೆ ವಿಷವಾಗತೊಡಗಿ, ಅದರ ಪ್ರಮಾಣವನ್ನೇ ಇಳಿಸಬೇಕಾಯಿತು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಒಬ್ಬನನ್ನು ಹಿಡಿಯಲು ಎಷ್ಟು ಮನೆಗಳ ಕಾವಲು ತೆಗೆಯಬಹುದು? ಈ ಪ್ರಶ್ನೆ ವೈದ್ಯರೊಬ್ಬರದೇ ಅಲ್ಲ.

ನಮ್ಮ ನೆರೆಮನೆಯ ಅಕ್ಕನಿಗೆ ರಕ್ತದ ಕ್ಯಾನ್ಸರು. ಮೊದಲು ಹಿಡಿದ ಮದ್ದು ಆಮೇಲೆ ಹಿಡಿಯಲಿಲ್ಲ. “ನನ್ನ ಮೈಯೇ ಮದ್ದನ್ನು ಹೊರಗೆ ಹಾಕ್ತದಂತೆ ಮಾಷ್ಟ್ರೇ. ಯಾರಿಗೆ ಏನು ಅನ್ಯಾಯ ಮಾಡಿದ್ದೆನೋ,” ಎಂದರು ಒಂದು ಸಂಜೆ. ಅವರ ಅಸ್ಥಿಮಜ್ಜೆಯಲ್ಲಿ ಹೊಸ ರಕ್ತ ಹುಟ್ಟಿಸುವ ಒಳ್ಳೆಯ ಮೂಲಕೋಶಗಳನ್ನು ಕಾಯುವುದೂ ಅದೇ ಪ್ರೋಟೀನು ಎಂದು ತಿಳಿಸಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು.

“ಹಾಗಾದರೆ ಒಳಗೆ ಬರುವುದು ಮದ್ದು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ, ಅಲ್ವಾ?”

“ಇಲ್ಲ ಅಕ್ಕ, ಗೊತ್ತಾಗುವುದಿಲ್ಲ,” ಎಂದೆ.