ಮುಳುಗಿಸಿದ ಮೇಲೂ

ಹಳೆಯದಾದದ್ದನ್ನು ನಾವು ಒಂದೇ ಸಲಕ್ಕೆ ಕೈಬಿಡುವುದಿಲ್ಲ. ಮೊದಲು ಅದರ ಕೆಲಸ ಬದಲಿಸುತ್ತೇವೆ, ಆಮೇಲೆ ಜಾಗ. ಒಂದು ಕಾಲಕ್ಕೆ ಮನೆಯ ಲೆಕ್ಕವನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಅಜ್ಜಿ ಕಡೆಗೆ ಜಗಲಿಯಲ್ಲಿ ಕೂತು, ಒಣಹಾಕಿದ ಹಪ್ಪಳಕ್ಕೆ ಬರುವ ಕಾಗೆ ಓಡಿಸುತ್ತಾಳೆ. ಕಂಡು ನಮಗೆ ಮರುಕ ಹುಟ್ಟುತ್ತದೆ. ಆ ಮರುಕ ಸರಿಯಾದದ್ದೇ?

‘ಗ್ರೇಟ್ ಬ್ರಿಟನ್’ ಹಡಗಿನ ಬದುಕನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸುತ್ತದೆ. 1843ರಲ್ಲಿ ಎಂಜಿನಿಯರ್ ಬ್ರೂನೆಲ್‌ನ ಈ ಕನಸು ಬ್ರಿಸ್ಟಲ್‌ನಲ್ಲಿ ನೀರಿಗಿಳಿದಾಗ ಅಷ್ಟು ದೊಡ್ಡ ಹಡಗು ಲೋಕದಲ್ಲಿರಲಿಲ್ಲ. ಕಬ್ಬಿಣದ ಒಡಲು, ಹಬೆಯ ಬಲ, ಹಿಂಬದಿಯಲ್ಲಿ ತಿರುಗುವ ಪ್ರೊಪೆಲರ್. ನ್ಯೂಯಾರ್ಕಿಗೆ ಹೋಗಿಬಂದದ್ದು ಕೆಲವೇ ಸಲ. ಐರ್ಲೆಂಡಿನ ಮರಳಲ್ಲಿ ಸಿಕ್ಕಿಕೊಂಡು ಒಡೆಯರ ಗಂಟನ್ನೇ ಕರಗಿಸಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಹೊತ್ತದ್ದು, ಹುಟ್ಟೂರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟವರನ್ನು. 1857ರ ನಮ್ಮ ಹೋರಾಟವನ್ನು ಅಡಗಿಸಲು ಮುಂಬಯಿಗೆ ಸೈನಿಕರನ್ನು ತಂದದ್ದೂ ಅದೇ. ಹೊರುವುದು ಹಡಗಿನ ಧರ್ಮ. ಹೊರಿಸಿದವರ ಪಾಪ ಅದಕ್ಕೂ ಅಂಟೀತೆ? ಇದಕ್ಕೆ ನನಗೆ ಇನ್ನೂ ಉತ್ತರ ಹೊಳೆದಿಲ್ಲ.

1882ರಲ್ಲಿ ಎಂಜಿನ್ ಕಿತ್ತರು. ಬರೀ ಹಾಯಿ ಬಿಚ್ಚಿಕೊಂಡು ಕಲ್ಲಿದ್ದಲು ಸಾಗಿಸಿತು. 1886ರಲ್ಲಿ ಕೇಪ್ ಹಾರ್ನ್‌ನ ಬಿರುಗಾಳಿಗೆ ಸೋತು ಫಾಕ್‌ಲ್ಯಾಂಡ್ ದ್ವೀಪ ಸೇರಿದ ಮೇಲೆ ಉಣ್ಣೆಗೂ ಕಲ್ಲಿದ್ದಲಿಗೂ ಉಗ್ರಾಣವಾಯಿತು. ಚಲಿಸಲೆಂದೇ ಹುಟ್ಟಿದ್ದು ಐವತ್ತು ವರ್ಷ ಅಲ್ಲೇ ಉಳಿಯಿತು. ಕಡೆಗೆ 1937ರಲ್ಲಿ ಸ್ಪ್ಯಾರೋ ಕೋವ್ ಎಂಬ ಕೊಲ್ಲಿಗೆ ಎಳೆದೊಯ್ದು, ತಳಕ್ಕೆ ತೂತು ಕೊರೆದು ಬಿಟ್ಟುಬಂದರು. ನೀರು ಆಳವಿರಲಿಲ್ಲ. ಮುಳುಗಿಸಿದರು, ಆದರೆ ಕಣ್ಮರೆಯಾಗಿಸಲಿಲ್ಲ. ಬಿಡುವ ಕೈಯಲ್ಲೂ ಒಂದು ಹಿಂಜರಿಕೆ ಇದ್ದಿರಬಹುದೆ?

ಅಲ್ಲಿಗೂ ಅದರ ಕೆಲಸ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಖಂಗೊಂಡ ‘ಎಕ್ಸೆಟರ್’ ನೌಕೆಯ ದುರಸ್ತಿಗೆ ಇದರ ಕಬ್ಬಿಣದ ತಗಡು ಬಿಚ್ಚಿಕೊಂಡು ಹೋದರು. ಜನರನ್ನು ಹೊತ್ತದ್ದು ಕಲ್ಲಿದ್ದಲು ಹೊತ್ತಿತು, ಆಮೇಲೆ ಉಣ್ಣೆ ಕಾಯಿತು. ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದಂತೆ ಅದು ನಮಗೆ ಕಾಣುತ್ತದೆ. ಆದರೆ ಕೊಡಲು ಮೈಯೊಂದೇ ಉಳಿದಾಗ ಅದನ್ನೇ ಕೊಟ್ಟದ್ದನ್ನು ಕಿರಿದೆನ್ನಲು ನಮಗೆ ನಾಲಿಗೆ ಏಳುತ್ತದೆಯೆ?

1970ರ ಜುಲೈ 19ರಂದು, ನೀರಿಗಿಳಿದ ಅದೇ ತಾರೀಖಿಗೆ, ಅದು ತಾನು ಹುಟ್ಟಿದ ಹಡಗುಕಟ್ಟೆಗೆ ಮರಳಿತು. ಆ ಸಂಭ್ರಮಕ್ಕಿಂತ ನನ್ನ ಮನಸ್ಸು ಹೋಗುವುದು ಅದಕ್ಕೂ ಹಿಂದಿನ ದಿನಗಳಿಗೆ, ಆ ಕೊಲ್ಲಿಗೆ. ಮೇಲೆತ್ತಲು ಬಂದವರಿಗೆ ಒಡಲ ಬದಿಯಲ್ಲಿ ದೊಡ್ಡ ಬಿರುಕು ಕಂಡಿತು. ದ್ವೀಪದ ಜನ ತಮ್ಮ ಮನೆಗಳಿಂದ ಹಳೆಯ ಹಾಸಿಗೆಗಳನ್ನು ತಂದುಕೊಟ್ಟರು. ಅವನ್ನು ಬಿರುಕಿಗೆ ತುರುಕಿ ನೀರು ತಡೆದರು. ಯಾರು ಯಾರು ಮಲಗೆದ್ದ ಹಾಸಿಗೆಗಳೋ ಅವು.