ತೆರವಾದ ಜಾಗಕ್ಕೆ ಬಂದವನು

ತೀರಿಕೊಂಡವರ ಜಾಗಕ್ಕೆ ಬಂದು ಕೂರುವವರ ಪಾಡು ಸುಲಭದ್ದಲ್ಲ. ಅವರು ತಪ್ಪೇನೂ ಮಾಡಿರುವುದಿಲ್ಲ. ಜಾಗ ತೆರವಾಯಿತು, ಯಾರಾದರೂ ಬರಲೇಬೇಕಿತ್ತು, ಇವರು ಬಂದರು, ಅಷ್ಟೇ. ಆದರೂ ಮನೆಯಿರಲಿ, ಶಾಲೆಯಿರಲಿ, ಎದುರಿಗಿದ್ದವರ ಕಣ್ಣು ಇವರನ್ನು ದಾಟಿಕೊಂಡು ಹೋಗಿ ಹಿಂದಿನವರನ್ನೇ ಹುಡುಕುತ್ತಿರುತ್ತದೆ.

ತರೀಕೆರೆಯಲ್ಲಿ ನಾವು ಶನಿವಾರ ಸಂಜೆ ಸೇರುವ ಭಜನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಬಹಳ ವರ್ಷ ತಬಲಾ ನುಡಿಸಿದ ಮೇಷ್ಟ್ರೊಬ್ಬರು ತೀರಿಕೊಂಡರು. ಕೆಲವು ವಾರ ಬರೀ ತಾಳ ಹಿಡಿದು ಹಾಡಿದೆವು. ಆಮೇಲೆ ಬೀರೂರು ಕಡೆಯ ಹುಡುಗನೊಬ್ಬ ಬರತೊಡಗಿದ. ಬಂದವನೇ ಪೌಡರ್ ಹಚ್ಚಿಕೊಂಡು, ಸಣ್ಣ ಸುತ್ತಿಗೆಯಿಂದ ಅಂಚು ತಟ್ಟಿ ತಟ್ಟಿ ಶ್ರುತಿ ಕೂಡಿಸಿಕೊಳ್ಳುತ್ತಿದ್ದ, ಕೈ ಶುದ್ಧವಾಗಿತ್ತು. ಆದರೆ ಹಾಡು ಮುಗಿದಾಗಲೆಲ್ಲ ಯಾರಾದರೊಬ್ಬರು "ಮೇಷ್ಟ್ರು ಇದ್ದಿದ್ರೆ ಇಲ್ಲೊಂದು ಸೊಗಸಾದ ಮುಕ್ತಾಯ ಕೊಡ್ತಿದ್ರು" ಅನ್ನುವರು. ನಮ್ಮಲ್ಲಿ ಇದ್ದದ್ದು ಒಂದೇ ಮೈಕು. ಮೊದಲು ಅದು ಹಾರ್ಮೋನಿಯಂಗೂ ತಬಲಕ್ಕೂ ನಡುವೆ ನಿಲ್ಲುತ್ತಿತ್ತು. ಹುಡುಗ ಬಂದ ಮೇಲೆ ಒಂದೂವರೆ ಗೇಣು ಹಾರ್ಮೋನಿಯಂ ಕಡೆಗೆ ಸರಿದಿತ್ತು. ಸರಿಸಿದವರು ಯಾರೆಂದು ಕೇಳಿದರೆ ಯಾರೂ ಇಲ್ಲ.

ಇದನ್ನು ನನ್ನ ಅಕ್ಕನ ಮಗನಿಗೆ ಹೇಳಿದೆ. ಅವನು ಬೆಂಗಳೂರಿನಲ್ಲಿದ್ದಾನೆ, ಬೇಸ್ ಗಿಟಾರ್ ಕಲಿಯುತ್ತಿದ್ದಾನೆ. ರಜೆಗೆ ಬಂದಾಗ ಕಿವಿಗೆ ಹೆಡ್‌ಫೋನ್ ಹಾಕಿ ಒಂದು ಹಾಡು ಕೇಳಿಸಿದ. "ಮಾವ, ಇದರಲ್ಲಿ ಬೇಸ್ ಎಲ್ಲಿದೆ ಹುಡುಕಿ ನೋಡೋಣ" ಅಂದ. ಮದ್ದಳೆಯ ಮೇಲೆ ಕೋಲಿನಿಂದ ಹೊಡೆದ ಹಾಗೆ ಡ್ರಮ್ಮು, ಕತ್ತಿ ಮಸೆದ ಹಾಗೆ ಗಿಟಾರು. ಕೆಳಗಿನ ದನಿ ಸಿಗಲೇ ಇಲ್ಲ. "ಸಿಗಲ್ಲ. ನುಡಿಸಿದ್ದಾನೆ, ಆದ್ರೆ ಸಿಗಲ್ಲ. ನಿಮ್ಮ ಮೈಕಿನ ಕಥೆಯೇ ಇದು" ಅಂದ.

ರಾಕ್ ಸಂಗೀತದ ಮಾತೇ ಎಂದು ಮೂಗು ಮುರಿಯಬೇಡಿ. ಭದ್ರಾವತಿ ಆಕಾಶವಾಣಿಯ ಚಿಂತನ ಕೇಳಿ ಬೆಳೆದ ನನಗೂ ಮೊದಮೊದಲು ಅದು ಗದ್ದಲವಾಗಿಯೇ ಕೇಳಿಸಿದ್ದು. ಆದರೆ ಆ ಗದ್ದಲದ ತಳದಲ್ಲಿ ಒಬ್ಬ ಇರುತ್ತಾನೆ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ, ಒಂದೊಂದೂ ದಪ್ಪ. ಮಾಮೂಲಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಡುಗೆಮನೆ ಗೂಡಿನ ಟ್ರಾನ್ಸಿಸ್ಟರು ಅಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಅದರ ಜೊತೆಗೆ ಹುಟ್ಟುವ ಮೇಲಿನ ಸ್ವರಗಳನ್ನು ಕೇಳಿ ಕೆಳಗಿನದನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಬೇಸ್ ನುಡಿಸುವವರ ಹೆಸರೂ ಹೆಚ್ಚುಕಡಿಮೆ ಹೀಗೆಯೇ. ಶಿಶುನಾಳ ಶರೀಫರ ಪದಗಳನ್ನು ಹೊಸ ಹುಡುಗರ ಬಾಯಿಗೆ ತಂದ ರಘು ದೀಕ್ಷಿತರನ್ನು ಎಲ್ಲರೂ ಬಲ್ಲರು. ಆ ತಂಡದಲ್ಲಿ ಬೇಸ್ ನುಡಿಸಿದ ಗೌರವ್ ವಾಜ್ ಹೆಸರನ್ನು ಎಷ್ಟು ಜನ ಹೇಳಿಯಾರು?

ನನ್ನ ಅಳಿಯ ಹೇಳಿದ್ದು ಆ ಹಾಡು ನುಡಿಸಿದ ಮೆಟಾಲಿಕಾ ಎಂಬ ಅಮೆರಿಕದ ತಂಡದ ವಿಚಾರ. ಅದರಲ್ಲಿ ಕ್ಲಿಫ್ ಬರ್ಟನ್ ಎಂಬ ಬೇಸ್ ವಾದಕನಿದ್ದ. 1962ರ ಫೆಬ್ರವರಿ 10ರಂದು ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊ ವ್ಯಾಲಿಯಲ್ಲಿ ಹುಟ್ಟಿದವನು. ತಂದೆ ರೇ, ತಾಯಿ ಜ್ಯಾನ್. ಚಿಕ್ಕಂದಿನಲ್ಲಿ ಪಿಯಾನೊ ಪಾಠವಾಯಿತು. 1975ರಲ್ಲಿ ಅಣ್ಣ ಸ್ಕಾಟ್ ಹದಿನಾರನೇ ವಯಸ್ಸಿಗೇ ತೀರಿಕೊಂಡ. ಹದಿಮೂರರ ಕ್ಲಿಫ್ ಬೇಸ್ ಕೈಗೆತ್ತಿಕೊಂಡದ್ದು ಅದರ ನಂತರ. ಅಣ್ಣನ ಸಲುವಾಗಿ ಎಲ್ಲರಿಗಿಂತ ದೊಡ್ಡ ಬೇಸ್ ವಾದಕನಾಗುತ್ತೇನೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದನಂತೆ.

ಕಥೆಗಳಲ್ಲಿ ಇಂಥ ಹುಡುಗರು ಹುಟ್ಟುವಾಗಲೇ ಪ್ರತಿಭೆ ಹೊತ್ತು ಬರುತ್ತಾರೆ. ಅವನ ತಾಯಿ ಹಾಗೆ ಹೇಳಲಿಲ್ಲ. ಮೊದಮೊದಲು ಸುಮ್ಮನೆ ತಂತಿ ಮೀಟುತ್ತಾ ಕೂರುತ್ತಿದ್ದ, ಇವನಿಗೆ ಇದು ಒಲಿಯುತ್ತದೆ ಎಂದೇ ನನಗೆ ಅನಿಸಿರಲಿಲ್ಲ, ಆರು ತಿಂಗಳ ಮೇಲೆ ಕೂಡಿಬರತೊಡಗಿತು ಎಂದು ಆಕೆ ಸಂದರ್ಶನದಲ್ಲಿ ಹೇಳಿದ್ದಾರೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಸಾಧನೆ. ತಂಡ ಸೇರಿ ಹೆಸರು ಬಂದ ಮೇಲೂ ಅದು ತಪ್ಪಲಿಲ್ಲ. ಕಲಿಸಲು ಬಂದ ಗುರುಗಳನ್ನು ಒಬ್ಬರಾದ ಮೇಲೆ ಒಬ್ಬರನ್ನು ದಾಟಿ ಹೋದ. ಬಾಖ್‌ನ ಶಾಸ್ತ್ರೀಯ ಸಂಗೀತ ಕೂತು ಕೇಳುತ್ತಿದ್ದ.

ನನಗೆ ಬಹಳ ಹಿಡಿಸಿದ್ದು ಆ ಮನೆಯ ಕರಾರು. ಸಂಗೀತವನ್ನೇ ಕಸುಬು ಮಾಡಿಕೊಳ್ಳುತ್ತೇನೆಂದು ಮಗ ಹೇಳಿದಾಗ ತಂದೆತಾಯಿ ಬೈಯಲಿಲ್ಲ, ಹಾಗೆಂದು ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ನಾಲ್ಕು ವರ್ಷ ನಿನ್ನ ಬಾಡಿಗೆ, ಊಟ ನಮ್ಮದು. ಅಷ್ಟರಲ್ಲಿ ನಿಧಾನಕ್ಕಾದರೂ ಮುಂದೆ ಬಂದದ್ದು ಕಾಣಬೇಕು, ಇಲ್ಲವಾದರೆ ಬೇರೆ ಕೆಲಸ ನೋಡಿಕೋ ಎಂದರು. ಮಗನೂ ಒಪ್ಪಿದ. ಅಡಿಕೆ ತೋಟ ಮಾರಿ ಮಗನನ್ನು ಓದಿಸುವವರು ನಮ್ಮಲ್ಲಿ ಇದ್ದಾರೆ. ಇಷ್ಟು ವರ್ಷ ಎಂದು ಗಡುವು ಹೇಳಿ, ಆ ಗಡುವಿನೊಳಗೆ ತುಟಿ ಬಿಚ್ಚದೆ ಇರುವವರು ಅಪರೂಪ.

1982ರಲ್ಲಿ ಲಾಸ್ ಏಂಜಲೀಸಿನ ಒಂದು ಕ್ಲಬ್ಬಿನಲ್ಲಿ ಕ್ಲಿಫ್ ಬೇರೊಂದು ತಂಡದ ಜೊತೆ ನುಡಿಸುತ್ತಿದ್ದ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್, ಲಾರ್ಸ್ ಉಲ್ರಿಚ್ ಕೇಳಲು ಬಂದಿದ್ದರು. ಯಾರೋ ಗಿಟಾರಿನಲ್ಲಿ ಅದ್ಭುತವಾದ ತಾನ ತೆಗೆಯುತ್ತಿದ್ದಾರೆ ಎಂದುಕೊಂಡು ವೇದಿಕೆ ನೋಡಿದರೆ, ಅದು ಬೇಸು. ನಮ್ಮ ತಂಡಕ್ಕೆ ಬಾ ಎಂದು ಕರೆದರು. ನಾನು ಊರು ಬಿಡುವುದಿಲ್ಲ, ಬೇಕಾದರೆ ನೀವೇ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬನ್ನಿ ಎಂದ. ಒಬ್ಬ ಬೇಸ್ ವಾದಕನಿಗಾಗಿ ಇಡೀ ತಂಡ ಗಂಟುಮೂಟೆ ಕಟ್ಟಿ ಬಂದಿತು. 1983, 1984, 1986ರಲ್ಲಿ ಮೂರು ಆಲ್ಬಮ್ ಬಂದವು. ಮೂರನೆಯದರಲ್ಲಿ 'ಓರಿಯನ್' ಎಂಬ, ಮಾತಿಲ್ಲದ ಬರೀ ವಾದ್ಯದ ಕೃತಿಯಿದೆ. ಅದರ ನಡುವೆ ಎಲ್ಲ ಅಬ್ಬರವೂ ಇಳಿದು ಬೇಸ್ ಒಂದೇ ನಿಧಾನವಾಗಿ ಹೆಜ್ಜೆ ಹಾಕುತ್ತದೆ. ರಾಕ್ ಬೇಡ ಎನ್ನುವವರೂ ಆ ಭಾಗವೊಂದನ್ನು ಕೇಳಬಹುದು.

1986ರ ಸೆಪ್ಟೆಂಬರ್ 26ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕಾರ್ಯಕ್ರಮ. ಮುಗಿಸಿ ರಾತ್ರಿಯೇ ಬಸ್ಸಿನಲ್ಲಿ ಹೊರಟರು. ಮಲಗುವ ಜಾಗಕ್ಕಾಗಿ ಕ್ಲಿಫ್ ಮತ್ತು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಇಸ್ಪೀಟಿನ ಎಲೆ ಎಳೆದರು. ಕ್ಲಿಫ್ ಗೆದ್ದು, ಕರ್ಕ್ ಮಲಗುತ್ತಿದ್ದ ಜಾಗವನ್ನೇ ಕೇಳಿದ. ಬೆಳಗಿನ ಜಾವ ಲ್ಯುಂಗ್ಬಿ ಎಂಬ ಊರಿನ ಬಳಿ ಬಸ್ಸು ಜಾರಿ ಉರುಳಿತು. ಕಿಟಕಿಯಿಂದ ಆಚೆ ಬಿದ್ದ ಕ್ಲಿಫ್ ಬಸ್ಸಿನಡಿ ಸಿಕ್ಕಿ ಸತ್ತ. ವಯಸ್ಸು 24. ಅಂತ್ಯಸಂಸ್ಕಾರದ ಹೊತ್ತಿಗೆ 'ಓರಿಯನ್' ಹಾಕಿದರು.

ಇಲ್ಲಿಂದ ಮುಂದಿನದು ನನ್ನನ್ನು ಕಾಡುವ ಭಾಗ.

ಉಳಿದ ಮೂವರೂ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಜಪಾನಿನ ಕಾರ್ಯಕ್ರಮಗಳು ಗೊತ್ತಾಗಿದ್ದವು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಜೇಸನ್ ನ್ಯೂಸ್ಟೆಡ್ ಎಂಬುವನನ್ನು ಆರಿಸಿದರು. ನವೆಂಬರ್ 8ರಂದು ಅವನು ವೇದಿಕೆ ಹತ್ತಿದ. ಸತ್ತವನಿಗೂ ಬಂದವನಿಗೂ ನಡುವೆ ಆರೇ ವಾರ. ನಮ್ಮಲ್ಲಾದರೆ ಹನ್ನೊಂದು, ಹದಿಮೂರು, ತಿಂಗಳು ತಿಂಗಳಿನ ಮಾಸಿಕ, ವರ್ಷಾಂತಿಕ ಎಂದು ಅಳುವುದಕ್ಕೂ ಒಂದು ಪಂಚಾಂಗವಿದೆ. ಶಾಸ್ತ್ರ ಎಂದು ಬೇಸರಪಟ್ಟುಕೊಂಡೇ ಮಾಡುತ್ತೇವೆ, ಆದರೆ ಬಂಧುಗಳು ಅಷ್ಟು ಸಲ ಒಂದೆಡೆ ಕೂತು ಹೋದವರ ಮಾತಾಡುವಷ್ಟರಲ್ಲಿ ದುಃಖ ಒಂದು ಹದಕ್ಕೆ ಬಂದಿರುತ್ತದೆ. ಆ ಹುಡುಗರಿಗೆ ಅದು ಸಿಗಲಿಲ್ಲ. ಅಳದೆ ಉಳಿದದ್ದು ಹೊಸಬನ ಮೇಲೆ ಸಿಟ್ಟಾಗಿ ತಿರುಗಿತು. ಹೊಟೆಲ್ಲಿನಲ್ಲಿ ತಾವು ತಿಂದದ್ದರ, ಕುಡಿದದ್ದರ ಬಿಲ್ಲನ್ನು ಅವನ ಲೆಕ್ಕಕ್ಕೆ ಬರೆಸುವರು. ಮಾತುಮಾತಿಗೆ ಗೇಲಿ. ತಮಾಷೆ ಎಂದು ಶುರುವಾದದ್ದು ವರ್ಷಗಟ್ಟಲೆ ನಡೆಯಿತು.

1988ರಲ್ಲಿ ಹೊಸ ಆಲ್ಬಮ್ ಬಂತು, '...ಅಂಡ್ ಜಸ್ಟಿಸ್ ಫಾರ್ ಆಲ್'. ಎಲ್ಲರಿಗೂ ನ್ಯಾಯ ಎಂಬ ಹೆಸರಿನ ಆ ಆಲ್ಬಮ್ಮಿನಲ್ಲಿ ಜೇಸನ್ನನ ಬೇಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಧ್ವನಿ ಸಂಯೋಜನೆ ಮಾಡಿದ ಸ್ಟೀವ್ ಥಾಂಪ್ಸನ್ ಮುಂದೆ ಬಹಿರಂಗವಾಗಿ ಹೇಳಿದ ಪ್ರಕಾರ, ಬೇಸನ್ನು ಕೇಳಿಯೂ ಕೇಳದಷ್ಟು ತಗ್ಗಿಸಲು ಡ್ರಮ್ ವಾದಕ ಲಾರ್ಸ್ ಹೇಳಿದ. ತಗ್ಗಿಸಿದ ಮೇಲೆ ಇನ್ನೂ ಐದು ಡೆಸಿಬೆಲ್ ಇಳಿಸು ಎಂದ. ಬೇರೆ ಕಾರಣಗಳನ್ನೂ ಕೊಡುತ್ತಾರೆ: ಜೇಸನ್ ಗಿಟಾರಿನ ಜೊತೆಜೊತೆಗೇ ನುಡಿಸಿದ್ದರಿಂದ ಎರಡೂ ಬೆರೆತುಹೋದವು ಎಂದು, ಊರೂರು ಸುತ್ತಿ ಕಿವಿ ಮಂದವಾಗಿತ್ತು ಎಂದು. ಇರಬಹುದು. ಆದರೆ ನಮ್ಮ ಮೈಕು ನೋಡಿದವನಿಗೆ ಬೇರೆ ಕಾರಣ ಬೇಕಾಗುವುದಿಲ್ಲ. ಯಾರೂ ಕೂತು ಯೋಚಿಸಿ ಮಾಡುವ ಕೆಲಸವಲ್ಲ ಅದು. ಕೈ ತಾನಾಗಿ ಹೋಗುತ್ತದೆ.

ಹಾಗಾದರೆ ಕ್ಲಿಫ್‌ನನ್ನು ಕಳೆದುಕೊಂಡವರಲ್ಲಿ ದೊಡ್ಡ ಪಾಲು ಯಾರದು? ಗೆಳೆಯರದಲ್ಲ. ಹನ್ನೊಂದು ವರ್ಷಗಳ ಅಂತರದಲ್ಲಿ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ರೇ ಮತ್ತು ಜ್ಯಾನ್ ಅವರದು. ಮಗನ ಜಾಗಕ್ಕೆ ಬಂದ ಹುಡುಗನನ್ನು ನೋಡಲು ಅವರೇ ಬಂದರು. ಜ್ಯಾನ್ ಅವನನ್ನು ಬಹಳ ಹೊತ್ತು ತಬ್ಬಿಕೊಂಡು ನಿಂತು, ಹುಷಾರಾಗಿರಪ್ಪ ಎಂಬರ್ಥದ ಮಾತೊಂದನ್ನು ಕಿವಿಯಲ್ಲಿ ಹೇಳಿದರೆಂದು ಜೇಸನ್ ನೆನಪಿಸಿಕೊಂಡಿದ್ದಾನೆ. ಆಕೆಗೆ ಅವನ ಕೈಚಳಕ ಮುಖ್ಯವಾಗಲಿಲ್ಲ. ಇವನೂ ಅದೇ ಬಸ್ಸು ಹತ್ತುವವನು ಎಂಬುದೊಂದೇ ಆಕೆಗೆ ಕಂಡದ್ದು. ಹೆಚ್ಚು ಕಳೆದುಕೊಂಡವರಿಗೆ ಹೊಸಬನನ್ನು ಬೇರೆಯವನಾಗಿಯೇ ನೋಡಲು ಬಂತು, ಕಡಿಮೆ ಕಳೆದುಕೊಂಡವರಿಗೆ ಬರಲಿಲ್ಲ. ಇದು ಹೇಗೆ ಎಂದು ಹಲವು ಬೆಳಗು ಯೋಚಿಸಿದ್ದೇನೆ. ತಾಯಿಗೆ ಮಗನ ಜಾಗ ತುಂಬುವಂಥದ್ದಲ್ಲ ಎಂಬುದು ಗೊತ್ತಿತ್ತು, ಆದ್ದರಿಂದ ಹುಡುಗನಿಂದ ಅದನ್ನು ಆಕೆ ನಿರೀಕ್ಷಿಸಲೇ ಇಲ್ಲ. ಗೆಳೆಯರಿಗೆ ಆ ಜಾಗ ತುಂಬಲೇಬೇಕಿತ್ತು, ತುಂಬಿದವನನ್ನು ಕ್ಷಮಿಸಲೂ ಆಗಲಿಲ್ಲ. ನನಗೆ ಹೊಳೆದದ್ದು ಇಷ್ಟು.

ಜೇಸನ್ ಹದಿನಾಲ್ಕು ವರ್ಷ ಅಲ್ಲಿಯೇ ನುಡಿಸಿ 2001ರ ಜನವರಿಯಲ್ಲಿ ತಂಡ ಬಿಟ್ಟ. 2003ರಲ್ಲಿ ರಾಬರ್ಟ್ ಟ್ರುಹಿಯೊ ಬಂದಾಗ, ನೀನು ಬಾಡಿಗೆಯವನಲ್ಲ, ನಮ್ಮಲ್ಲೊಬ್ಬ ಎಂದು ತೋರಿಸಲು ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟರು. ಆ ಕಾಲದ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯವಿದೆ. ಹಣದಿಂದ ಹೇಳುವ ಮಾತೇ ಅದು ಎನಿಸಿದರೂ, ಒಬ್ಬನಿಗೆ ಮಾಡಿದ್ದನ್ನು ಇನ್ನೊಬ್ಬನಿಗೆ ಮಾಡಲಿಲ್ಲವಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬೇಸ್ ಹಿಡಿದು ನಿಂತವನು ಇವನೇ. ನನ್ನ ಅಳಿಯ ಆ ಜನಜಂಗುಳಿಯಲ್ಲಿದ್ದ. ಬೇಸ್ ಎದೆಗೆ ಬಂದು ಗುದ್ದುತ್ತಿತ್ತಂತೆ, ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವರಿಗೆ ಗೊತ್ತಿರುತ್ತದಲ್ಲ, ಹಾಗೆ.

ಅದಕ್ಕೂ ಮೊದಲು, 2009ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ತಂಡಕ್ಕೆ ರಾಕ್ ಸಂಗೀತದ ದೊಡ್ಡ ಗೌರವವೊಂದು ಸಂದಿತು. ಜೇಸನ್ನನನ್ನೂ ಕರೆದಿದ್ದರು. ಅಂದು ಅವನೂ ಟ್ರುಹಿಯೊನೂ ಒಂದೇ ವೇದಿಕೆಯಲ್ಲಿ ಬೇಸ್ ನುಡಿಸಿದರು. ಕ್ಲಿಫ್ ಪರವಾಗಿ ಗೌರವ ಸ್ವೀಕರಿಸಿದವರು ತಂದೆ ರೇ. ಜ್ಯಾನ್ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮುಪ್ಪಿನಲ್ಲೂ ರೇ ಮಗನ ತಂಡದ ಕಾರ್ಯಕ್ರಮಗಳಿಗೆ ಹೋಗುತ್ತಿದ್ದರು. ಮಗನಲ್ಲದವರು ನುಡಿಸುವ ಬೇಸನ್ನು ಕೇಳಿ ಬರುತ್ತಿದ್ದರು. ಮಗನ ಪಾಲಿಗೆ ಬರುತ್ತಿದ್ದ ರಾಯಧನವನ್ನು, ಅವನು ಓದಿದ ಕ್ಯಾಸ್ಟ್ರೊ ವ್ಯಾಲಿ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದರು. 2020ರ ಜನವರಿಯಲ್ಲಿ ಅವರು ತೀರಿಕೊಂಡಾಗ 94 ವರ್ಷ ವಯಸ್ಸಾಗಿತ್ತು.